ಒಂದೇ ಸಾಲಿನ ಕೆಲಸ

ಇಷ್ಟಕ್ಕೆಲ್ಲ ಕಾರಣ ಉಗುರಿನಷ್ಟಗಲದ ಒಂದು ಚಿಪ್. ಕಂಪ್ಯೂಟರ್ ಪೆಟ್ಟಿಗೆಯೊಳಗೆ ಕೂತು, ಅಲ್ಲಿ ಎಷ್ಟು ಬಿಸಿಯಿದೆ, ಹಿಂಬದಿಯ ಫ್ಯಾನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತಿದೆ ಎಂದು ಅಳೆಯುವುದು ಅದರ ಕೆಲಸ. ಹಳೆಯ ಚಿಪ್ ಪೇಟೆಯಲ್ಲಿ ಸಿಗದಂತಾಗಿ ಅದರ ಜಾಗಕ್ಕೆ ಹೊಸದೊಂದು ಬಂದಿತ್ತು. ಇದು ಹಳೆಯದರ ಹಾಗೆಯೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ ಎಂದು ಜೊತೆಗೆ ಬಂದ ಕೈಪಿಡಿ ಆಣೆ ಮಾಡಿತ್ತು. ಮಾರುವವನ ಬಾಯಲ್ಲಿ ಹುಳಿಹಣ್ಣೂ ಸಿಹಿಯೇ.

ಚಿಪ್ ಅಳೆದದ್ದನ್ನು ಓದಿ ಪರದೆಯ ಮೇಲೆ ತೋರಿಸುವ ಪ್ರೋಗ್ರಾಂಗೆ ಡ್ರೈವರ್ ಎನ್ನುತ್ತಾರೆ. ಹಳೆಯ ಡ್ರೈವರ್‌ಗೆ ಹೊಸ ಚಿಪ್‌ನ ಪರಿಚಯ ಮಾಡಿಸುವ ಕೆಲಸ ತೂಕಡಿಕೆಯ ಪಾಲಿಗೆ ಬಂತು. ತೂಕಡಿಕೆ ಎಂಬುದು ತಂದೆ ತಾಯಿ ಇಟ್ಟ ಹೆಸರಲ್ಲ. ಮೂರು ತಿಂಗಳ ಹಿಂದೆ ಅವನಿಗೆ ಮಗಳು ಹುಟ್ಟಿದ ಮೇಲೆ ಆಫೀಸಿನವರು ಇಟ್ಟದ್ದು.

"ಒಂದೇ ಸಾಲಿನ ಕೆಲಸ ಕಣ್ರೀ," ಎಂದರು ಮ್ಯಾನೇಜರ್. "ಸಾಯಂಕಾಲ ಐದಕ್ಕೆ ಗಿರಾಕಿ ಬರ್ತಾರೆ. ಅವರಿಗೆ ತೋರಿಸಿ, ನಾಳೆಯಿಂದ ಒಂದು ವಾರ ರಜೆ ತಗೊಳ್ಳಿ."

ಆ ರಜೆಯ ಮೇಲೆ ಒಂದು ಸಂಸಾರವೇ ನಿಂತಿತ್ತು. ಮಗುವನ್ನು ನೋಡಿಕೊಳ್ಳಲು ಬಂದಿದ್ದ ಅತ್ತೆ ಆ ದಿನವೇ ಊರಿಗೆ ಹೊರಡುವವರಿದ್ದರು. ಹೆಂಡತಿ ಒಂದೇ ಸಮನೆ ಎರಡು ಗಂಟೆ ನಿದ್ದೆ ಮಾಡಿ ಎಷ್ಟು ದಿನವಾಗಿತ್ತೋ. ಒಂದು ವಾರ ಮಗು ನಂದು, ನೀನು ಸುಮ್ಮನೆ ಮಲಗು ಎಂದು ಅವನು ಮಾತು ಕೊಟ್ಟಿದ್ದ. ಬೆಳಿಗ್ಗೆ ಅವಳು "ರಜೆ ಖಂಡಿತ ಸಿಗುತ್ತಲ್ವಾ?" ಎಂದು ಕೇಳಿ, ಉತ್ತರ ಬರುವ ಮೊದಲೇ ಬಾಗಿಲಿಗೆ ಒರಗಿ ನಿಂತಲ್ಲೇ ಕಣ್ಣು ಮುಚ್ಚಿದ್ದಳು.

ಒಂಬತ್ತೂವರೆಗೆ ತೂಕಡಿಕೆ ಡ್ರೈವರ್‌ನೊಳಗಿದ್ದ ಚಿಪ್‌ಗಳ ಪಟ್ಟಿಗೆ ಹೊಸದರ ಗುರುತಿನ ಸಂಖ್ಯೆಯನ್ನು ಸೇರಿಸಿದ. ನಿಜವಾಗಿಯೂ ಒಂದೇ ಸಾಲು. ಪ್ರೋಗ್ರಾಂ ಸಿದ್ಧವಾಗಲು ಕಾಲು ಗಂಟೆ ಬೇಕಿತ್ತು. ಪೆಟ್ಟಿಗೆಯ ಫ್ಯಾನ್ ಹಿಟ್ಟಿನ ಗಿರಣಿಯ ಹಾಗೆ ಕಿವಿಯ ಪಕ್ಕದಲ್ಲೇ ಕೊರೆಯುತ್ತಿತ್ತು. ಆದರೂ ಅವನ ತಲೆ ತಾನಾಗಿಯೇ ಮೇಜಿಗೆ ಇಳಿಯಿತು.

ಎಚ್ಚರವಾದಾಗ ಪಕ್ಕದಲ್ಲೊಂದು ಲೋಟ ಚಹಾ, ಆರದಿರಲೆಂದು ಅದರ ಮೇಲೊಂದು ತಟ್ಟೆ. ಸುತ್ತಲೂ ಹಿತವಾದ ಮೌನ. ಮೂರು ತಿಂಗಳಲ್ಲಿ ಇಂಥ ನಿದ್ದೆ ಬಂದಿರಲಿಲ್ಲ. ಮೂಲೆಯಲ್ಲಿ ನೆಲ ಒರೆಸುತ್ತಿದ್ದ ಅಕ್ಕ, ಎಲ್ಲರಿಗೂ ಅವರು ಅಕ್ಕನೇ, ಅವನನ್ನು ನೋಡಿ ನಕ್ಕರು. ಅವನೂ ನಕ್ಕು ಪರದೆಯತ್ತ ತಿರುಗಿದ. ನಗು ಅಲ್ಲೇ ನಿಂತಿತು.

ಬಿಸಿ: ಎಪ್ಪತ್ತೆಂಟು ಡಿಗ್ರಿ. ಫ್ಯಾನ್: ಸೊನ್ನೆ.

"ನಾನಾಗಲೇ ಹೇಳಿದ್ದೆ," ಎಂದಳು ಎದುರು ಮೇಜಿನವಳು. ಅವಳು ಏನನ್ನೂ ಹೇಳಿರಲಿಲ್ಲ. ಏನೇ ಕೆಟ್ಟರೂ ಅವಳು ಮೊದಲು ಹೇಳುವ ಮಾತೇ ಅದು. ಹೊಸ ಚಿಪ್ ಸುಳ್ಳು ಹೇಳುತ್ತಿದೆ, ಬಿಸಿಯಲ್ಲಿ ಒಂದಿಷ್ಟು ಕಳೆದುಬಿಡು ಎಂಬುದು ಅವಳ ಸಲಹೆ. ಹಳೆಯ ಪೆಟ್ಟಿಗೆ ಯಾವತ್ತೂ ನಲವತ್ತು ದಾಟಿರಲಿಲ್ಲವಲ್ಲ. ತೂಕಡಿಕೆ ಮೂವತ್ತೆಂಟು ಕಳೆದ. ನಲವತ್ತು ಬಂತು. ಉಸಿರು ಬಿಡುವಷ್ಟರಲ್ಲಿ ನಲವತ್ತೆರಡಾಯಿತು. ಇನ್ನೆರಡು ಕಳೆದ. ಮತ್ತೆ ಏರಿತು. ಸಾಲಗಾರನ ಬಡ್ಡಿಯೂ ಅಷ್ಟು ಹಟಮಾರಿಯಲ್ಲ.

ಅಷ್ಟರಲ್ಲಿ ಪುಸ್ತಕಸ್ವಾಮಿ ಬಂದ. ಕೈಪಿಡಿಗಳನ್ನು ಕತೆ ಪುಸ್ತಕದಂತೆ ಓದುವವನಿಗೆ ಆಫೀಸಿನವರು ಕೊಟ್ಟ ಬಿರುದು ಅದು. ತನ್ನ ಊಟದ ಡಬ್ಬಿಯನ್ನು ಪೆಟ್ಟಿಗೆಯ ಮೇಲಿಟ್ಟು, ಮುನ್ನೂರು ಪುಟದ ಕೈಪಿಡಿಯನ್ನು ಮಧ್ಯಾಹ್ನದವರೆಗೆ ಬೆರಳಿಟ್ಟು ಓದಿದ. ಫ್ಯಾನ್‌ನ ಲೆಕ್ಕ ಈ ಚಿಪ್‌ನಲ್ಲಿ ಪಕ್ಕದ ಕೋಣೆಯಲ್ಲಿರಬಹುದು ಎಂದು ಸೂಚಿಸಿದ. ಪಕ್ಕದ ಕೋಣೆ ಎಂದರೆ ಚಿಪ್‌ನೊಳಗೆ ಅಂಕಿಗಳನ್ನಿಡುವ ಪಕ್ಕದ ಗೂಡು. ಅಲ್ಲಿಂದ ಓದಿದರೆ ಸಾವಿರದೆಂಟುನೂರು ಬಂತು. ಫ್ಯಾನ್ ಇದಕ್ಕಿಂತ ಕಡಿಮೆ ತಿರುಗಬಾರದು ಎಂದು ಕಾರ್ಖಾನೆಯವರು ಬರೆದಿಟ್ಟ ಮಿತಿ ಅದು. ಆ ವಿಷಯ ಮುಂದಿನ ಪುಟದಲ್ಲಿತ್ತು. ಪುಸ್ತಕಸ್ವಾಮಿ ಅಷ್ಟರಲ್ಲಿ ಊಟಕ್ಕೆದ್ದಿದ್ದ.

ಡಬ್ಬಿ ತೆರೆದವನು ಆಶ್ಚರ್ಯಪಟ್ಟ. "ಇವತ್ತು ಊಟ ಒಲೆಯಿಂದ ಇಳಿಸಿದ ಹಾಗಿದೆಯಲ್ಲೋ." ಒಂದು ತುತ್ತು ತೂಕಡಿಕೆಗೂ ಕೊಟ್ಟ. ಬಿಸಿಬಿಸಿಯಾಗಿ ಚೆನ್ನಾಗಿತ್ತು. ಪೆಟ್ಟಿಗೆಯ ಬೆನ್ನು ಗೋಡೆಯ ಕಡೆಗಿತ್ತು. ಒಮ್ಮೆ ಬಗ್ಗಿ ನೋಡೋಣವೆಂದು ಮೂವರು ಪದವೀಧರರಲ್ಲಿ ಯಾರಿಗೂ ಹೊಳೆಯಲಿಲ್ಲ. ಪರದೆಯೊಂದು ಎದುರಿಗಿದ್ದರೆ ಅವರು ಬೇರೆಲ್ಲೂ ನೋಡುವವರಲ್ಲ.

ನಾಲ್ಕೂವರೆಗೆ ಚಿಪ್ ಅಳೆದ ಬಿಸಿ ಎಂಬತ್ತನಾಲ್ಕರಲ್ಲಿ ನಿಂತಿತು. ತೂಕಡಿಕೆ ಒಟ್ಟು ನಲವತ್ತನಾಲ್ಕು ಕಳೆದ. ಬಿಸಿ ನಲವತ್ತು, ಫ್ಯಾನ್ ಸಾವಿರದೆಂಟುನೂರು. ಒಂದು ಸಾಲಿನ ಕೆಲಸ ನೂರಾ ಹದಿನೇಳು ಸಾಲಾಗಿತ್ತು. ಹೆಂಡತಿಗೆ ಫೋನ್ ಮಾಡಿ ರಜೆ ಸಿಕ್ಕಿತೆಂದೇ ತಿಳಿದುಕೋ ಎಂದ. ಫೋನಿನಲ್ಲಿ ಒಂದು ದೀರ್ಘ ಉಸಿರು ಕೇಳಿಸಿತು. ಅಳುವೋ, ನಿದ್ದೆಯೋ ತಿಳಿಯಲಿಲ್ಲ.

ಐದಕ್ಕೆ ಸರಿಯಾಗಿ ಮ್ಯಾನೇಜರ್ ಗಿರಾಕಿಯನ್ನು ಕರೆತಂದರು. ಗಿರಾಕಿ ಪರದೆ ನೋಡಿ ತಲೆದೂಗಿ, ನೀರಿನ ಲೋಟ ಕೈಗೆತ್ತಿಕೊಂಡರು. ಅದೇ ಹೊತ್ತಿಗೆ ಅಕ್ಕ ಪೊರಕೆ ಹಿಡಿದು ಬಂದು, ತೂಕಡಿಕೆ ಎದ್ದು ನಿಂತಿರುವುದನ್ನು ನೋಡಿ ಸಮಾಧಾನಪಟ್ಟು, ಪೆಟ್ಟಿಗೆಯ ಹಿಂದೆ ಕೈ ಹಾಕಿ ಮಡಿಚಿದ ರಟ್ಟಿನ ತುಂಡೊಂದನ್ನು ಎಳೆದರು. ಗಿರಣಿ ಗರ್ರೆಂದು ಶುರುವಾಯಿತು.

ಪರದೆಯಲ್ಲಿ ಬಿಸಿ ಇಳಿಯತೊಡಗಿತು. ಮೂವತ್ತು. ಹದಿನೆಂಟು. ಐದು. ಗಿರಾಕಿ ನೀರು ಕುಡಿದು ಲೋಟ ಕೆಳಗಿಡುವಷ್ಟರಲ್ಲಿ ಸೊನ್ನೆಗಿಂತ ಆರು ಡಿಗ್ರಿ ಕೆಳಗಿತ್ತು. ಫ್ಯಾನ್ ಮಾತ್ರ ಆಗಲೂ ಸಾವಿರದೆಂಟುನೂರು, ಈಗಲೂ ಸಾವಿರದೆಂಟುನೂರು.

"ಒಳಗೆ ಹಿಮ ಬೀಳ್ತಿದೆಯಾ?" ಎಂದು ಗಿರಾಕಿ ಮೆಲ್ಲಗೆ ಕೇಳಿದರು.

ತೂಕಡಿಕೆ ರಟ್ಟನ್ನು ನೋಡಿದ. ಹಿತವಾದ ಮೌನ, ಬಿಸಿಯೂಟ, ಸೊನ್ನೆ, ಎಲ್ಲವೂ ಒಂದೊಂದಾಗಿ ಅರ್ಥವಾದವು. ಪಾಪ, ಆ ಚಿಪ್ ಬೆಳಿಗ್ಗೆಯಿಂದ ಫ್ಯಾನ್ ನಿಂತಿದೆ, ನಾನು ಬೇಯುತ್ತಿದ್ದೇನೆ ಎಂದು ಸತ್ಯವನ್ನೇ ಹೇಳುತ್ತಿತ್ತು. ಒಬ್ಬರೂ ನಂಬಿರಲಿಲ್ಲ.

"ಫ್ಯಾನ್‌ಗೆ ರಟ್ಟು ಯಾರ್ರೀ ಸಿಗಿಸಿದ್ದು?" ಮ್ಯಾನೇಜರ್‌ರ ದನಿ ತಣ್ಣಗಿತ್ತು.

ಅಕ್ಕ ಹೇಳಲೆಂದು ಬಾಯಿ ತೆರೆದರು. ತೂಕಡಿಕೆಗೆ ಚಹಾ ಲೋಟದ ಮೇಲಿನ ತಟ್ಟೆ ನೆನಪಾಯಿತು.

"ನಾನೇ ಸರ್. ಸದ್ದು ತಡೆಯೋಕಾಗ್ಲಿಲ್ಲ. ಸಾಯಂಕಾಲ ತೆಗೀರಿ ಅಂತ ಅಕ್ಕನಿಗೆ ನಾನೇ ಹೇಳಿದ್ದೆ."

ಕೂತು ನೂರಾ ಹದಿನಾರು ಸಾಲು ಅಳಿಸಿದ. ಬೆಳಿಗ್ಗೆಯ ಒಂದು ಸಾಲು ಉಳಿಯಿತು. ಬಿಸಿ ಮೂವತ್ತೆಂಟು, ಫ್ಯಾನ್ ಮೂರು ಸಾವಿರದ ನೂರು. ಎಲ್ಲವೂ ಸರಿ. ಗಿರಾಕಿಗೆ ಖುಷಿಯಾಗಿ, ಇಂಥವೇ ಇನ್ನೂ ಐದು ಚಿಪ್ ಇವೆ, ಅವನ್ನೂ ಸೇರಿಸಿಬಿಡಿ ಎಂದು ಹೇಳಿ ಹೋದರು.

ಮ್ಯಾನೇಜರ್ ಪರದೆಯ ಮೇಲಿನ ಆ ಒಂಟಿ ಸಾಲನ್ನೇ ನೋಡುತ್ತ ನಿಂತರು. "ಒಂಬತ್ತೂವರೆಗೇ ಮುಗಿದಿತ್ತಲ್ರೀ ಇದು. ಒಂದು ಸಾಲಿಗೆ ಒಂದು ವಾರ ರಜೆ ಅಂದ್ರೆ ಮೇಲಿನವರಿಗೆ ಏನಂತ ಹೇಳಲಿ? ನಾಳೆ ಬನ್ನಿ. ಐದೇ ಸಾಲು."

"ನಾನಾಗಲೇ ಹೇಳಿದ್ದೆ," ಎಂದು ಎದುರು ಮೇಜಿನವಳು ಕೈಚೀಲ ಹೆಗಲಿಗೇರಿಸಿದಳು.

ಬಾಗಿಲ ಬಳಿ ಅಕ್ಕ ಕಾದಿದ್ದರು. ಕಣ್ಣು ಒದ್ದೆಯಾಗಿತ್ತು. "ನೀನು ಮಲಗಿದ್ದು ನೋಡಿ ಕರುಳು ಚುರ್ ಅಂತು ಕಣಪ್ಪ. ಹತ್ತು ನಿಮಿಷ ಸದ್ದಿಲ್ದೆ ಇರ್ಲಿ ಅಂತ ಇಟ್ಟೆ. ಆಮೇಲೆ ನೀನು ಎದ್ದು ಏನೋ ಯೋಚನೆ ಮಾಡ್ತಾ ಇದ್ದೆ, ತೆಗೆದ್ರೆ ತೊಂದರೆಯಾಗುತ್ತೇನೋ ಅಂತ ಹಾಗೇ ಬಿಟ್ಟೆ." ಆ ರಟ್ಟನ್ನು ಅವನ ಕೈಗಿಟ್ಟರು. "ಮನೇಲಿ ಫ್ಯಾನ್ ಸದ್ದಿಗೆ ಮಗು ಏಳುತ್ತೆ ಅಂದಿದ್ಯಲ್ಲ, ಇಟ್ಕೋ."

ಬೇಡವೆನ್ನಲು ಮನಸ್ಸು ಬರಲಿಲ್ಲ. ಚೀಲಕ್ಕೆ ಹಾಕಿಕೊಂಡ.

ಮನೆಯ ಬಾಗಿಲು ತೆರೆದ ಹೆಂಡತಿಯ ಹೆಗಲ ಮೇಲೆ ಮಗಳು ಗಿರಣಿಗಿಂತ ಜೋರಾಗಿ ಅಳುತ್ತಿದ್ದಳು.

"ರಜೆ ಕೊಟ್ರು ತಾನೆ?"

ಅವನು ಚೀಲಕ್ಕೆ ಕೈ ಹಾಕಿದ. "ರಟ್ಟು ಕೊಟ್ಟಿದ್ದಾರೆ," ಎಂದು ಹೇಳಿ, ಅದನ್ನು ಅವಳ ಕೈಗಿಟ್ಟು ಮಗುವನ್ನು ಎತ್ತಿಕೊಂಡ.