ಅಪ್ಪಯ್ಯ ಕಳಿಸಿದ ಜೇನುಪೆಟ್ಟಿಗೆ

ನಾನು ಬಾಯಿ ಮುಚ್ಚಿಕೊಂಡಿದ್ದರೆ ಅರ್ಧ ಫಜೀತಿ ತಪ್ಪುತ್ತಿತ್ತು. ಕಾಗದ ಬರೆಯದೆ ಇದ್ದಿದ್ದರೆ ಪೂರ್ತಿ ತಪ್ಪುತ್ತಿತ್ತು. ಮದರಾಸಿನಲ್ಲಿದ್ದಷ್ಟು ವರ್ಷವೂ ನನಗೆ ಇಂಥದ್ದೇ ಆಗುತ್ತಿತ್ತು. ಐವತ್ತರ ದಶಕದ ಕೊನೆಯ ಮಾತು. ಕೀಲ್ಪಾಕಿನ ಒಂದು ಉಡುಪಿ ಹೋಟೆಲಿನಲ್ಲಿ ಮಿಠಾಯಿ ಕಪಾಟಿನ ಹಿಂದೆ ನಿಲ್ಲುವುದು ನನ್ನ ಕೆಲಸ.

ಖಾಲಿ ಪಾರ್ಸೆಲ್ಲು

ಊರಿನಲ್ಲಿ ಅಪ್ಪಯ್ಯ ಜೇನು ಸಾಕುವುದರಲ್ಲಿ ಎತ್ತಿದ ಕೈ. ನಾನೋ, ನೊಣ ಗುಂಯ್ ಅಂದರೆ ಓಡುವವನು. "ಇಲ್ಲಿಯೂ ಜೇನುನೊಣ ಬೇಕಾದಷ್ಟು ಉಂಟು" ಅಂತ ಒಮ್ಮೆ ಕಾಗದದಲ್ಲಿ ಬರೆದೆ. ಜಿಲೇಬಿಗೆ ಮುತ್ತುವ ನೊಣದ ಮಾತು ಅದು. ಅಪ್ಪಯ್ಯನಿಗೆ ಮಗನಿಗೆ ಬುದ್ಧಿ ಬಂತು ಅನ್ನಿಸಿ, ಹಿಂಡು ತಾನಾಗಿ ಬಂದು ಹೊಗಲಿ ಅಂತ ಒಳಗೆಲ್ಲ ಮೇಣ ಸವರಿದ ಖಾಲಿ ಜೇನುಪೆಟ್ಟಿಗೆಯನ್ನು ಮಂಗಳೂರಿನಿಂದ ರೈಲಿಗೆ ಹಾಕಿಯೇಬಿಟ್ಟರು.

ಪಾರ್ಸೆಲ್ ಆಫೀಸಿನ ಗುಮಾಸ್ತ ಪೆಟ್ಟಿಗೆ ಅಲ್ಲಾಡಿಸಿ ಕೇಳಿದ, "ಒಳಗೇನಿದೆ?"

"ಏನೂ ಇಲ್ಲ."

"ಏನೂ ಇಲ್ಲದ್ದನ್ನು ಅಷ್ಟು ದೂರದಿಂದ ಯಾಕೆ ತರಿಸಿದೆ? ಇಲ್ಲಿ ಸಿಗುವುದಿಲ್ಲವೇ?"

ರುಜು ಹಾಕಿ ಪೆಟ್ಟಿಗೆ ಹೊತ್ತು ಹೊರಟೆ. ಮುಂದಿನ ಕಾಗದದಲ್ಲಿ ಅಪ್ಪಯ್ಯ "ಹಿಂಡು ಹೊಕ್ಕಿತಾ?" ಅಂತ ಕೇಳಿದರು. ಪಾಪ, ಮುದುಕನಿಗೆ ಸಂತೋಷವಾಗಲಿ ಅಂತ "ಹೊಕ್ಕಿತು" ಅಂತ ಬರೆದೆ. ಮರುಟಪ್ಪಾಲಿಗೆ ಉತ್ತರ ಬಂತು: "ಬಹಳ ಸಂತೋಷ. ಎರಡು ತಿಂಗಳಲ್ಲಿ ನೋಡಲಿಕ್ಕೆ ಬರುತ್ತೇನೆ."

ರಾಣಿಯ ಸವಾರಿ

ಇನ್ನೇನು, ಹಿಂಡು ಹಿಡಿಯಲೇಬೇಕು. ರಾಯಪುರಂನ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮೂರ ಕಡೆಯ ಗಾರ್ಡ್ ಒಬ್ಬರಿದ್ದರು. ಅವರ ನುಗ್ಗೆ ಮರಕ್ಕೆ ಹಿಂಡು ಬಂದು ಕೂತಿದೆ ಅಂತ ಹೇಳಿ ಕಳಿಸಿದರು. ಪೆಟ್ಟಿಗೆ ಹೊತ್ತು ಓಡಿದೆ.

"ರಾಣಿಯನ್ನು ಒಳಗೆ ಹಾಕಿದರೆ ಆಯ್ತು ಸಾರ್, ಉಳಿದದ್ದೆಲ್ಲ ಹಿಂದೆಯೇ ಬರ್ತದೆ" ಅಂದೆ.

"ರಾಣಿ ಯಾವುದಪ್ಪ?"

"ಉದ್ದ ಇರ್ತದೆ."

ಮೈಗೆಲ್ಲ ಬೆಡ್‌ಶೀಟು ಸುತ್ತಿಕೊಂಡು ಮರ ಹತ್ತಿ, ನಾಲ್ಕು ಕಡೆ ಕಚ್ಚಿಸಿಕೊಂಡು, ಉದ್ದದ್ದೊಂದನ್ನು ಬೆಂಕಿಪೊಟ್ಟಣಕ್ಕೆ ಹಾಕಿ ತಂದು ಪೆಟ್ಟಿಗೆಯೊಳಗೆ ಬಿಟ್ಟೆ. ಒಂದು ನೊಣವೂ ಹಿಂದೆ ಬರಲಿಲ್ಲ. ಗಾರ್ಡ್ ಬಗ್ಗಿ ನೋಡಿ, "ಇದು ಕಣಜದ ಹುಳ ಅಲ್ವೇನೋ?" ಅಂದರು. ಅಷ್ಟರಲ್ಲಿ ಹಿಂಡು ಮರ ಬಿಟ್ಟು ಎಣ್ಣೂರಿನ ಕಡೆಗೆ ಹೊರಟಿತು. ಡ್ಯೂಟಿಗೆ ಹೊರಟಿದ್ದ ಗಾರ್ಡ್ ಅಭ್ಯಾಸಬಲದಿಂದ ಹಸಿರು ಬಾವುಟ ಬೀಸಿದರು.

ತಟ್ಟೆ ಮೇಳ

ತಿಂಗಳು ಕಳೆದ ಮೇಲೆ ನಮ್ಮ ಹೋಟೆಲಿನ ಮುಂದೆಯೇ ಒಂದು ಹಿಂಡು ಹಾರಿ ಬಂತು. "ತಟ್ಟೆ ಬಡಿದರೆ ಕೆಳಗೆ ಕೂರ್ತದೆ ಮಾರಾಯ!" ಅಂತ ಅಡುಗೆ ಭಟ್ಟರು ಕೂಗಿದರು. ಅಡುಗೆಯವರು, ಸಪ್ಲೈಯರುಗಳು, ನಾನು, ಎಲ್ಲರೂ ತಟ್ಟೆ ಸೌಟು ಹಿಡಿದು ಬಡಿಯುತ್ತ ಬೀದಿಗೆ ಬಿದ್ದೆವು. ಹಿಂಡು ಮೇಲೆ, ನಾವು ಕೆಳಗೆ. ಅರ್ಧ ಬೀದಿ ದೇವರ ಸವಾರಿ ಅಂತ ಕರ್ಪೂರ ಹಚ್ಚಿಕೊಂಡು ಬಂತು. ಇನ್ನರ್ಧ ಬೀದಿ "ಯಾರು ತೀರಿಕೊಂಡರು?" ಅಂತ ಮುಖ ಸಣ್ಣ ಮಾಡಿಕೊಂಡು ಬಂತು. ಹಿಂಡು ಆಸ್ಪತ್ರೆಯ ಕಾಂಪೌಂಡು ದಾಟಿ ಮಾಯವಾಯಿತು. ತೆಂಗಿನಕಾಯಿ ಹಿಡಿದಿದ್ದ ಒಬ್ಬ ಅಜ್ಜಿ ಮಾತ್ರ ನನ್ನ ಕೈ ಬಿಡಲಿಲ್ಲ. "ಸಾಮಿ ಎಂಗೇಪ್ಪಾ?" ಅಂತ ದೇವರನ್ನು ಕೇಳಿದರು. ಮೇಲೆ ತೋರಿಸಿದೆ. ಅಜ್ಜಿ ಆಕಾಶಕ್ಕೆ ಕೈಮುಗಿದು ಕಾಯಿ ಒಡೆದೇ ಹೋದರು.

ದೂರು ಪೆಟ್ಟಿಗೆ

ಗಿರಾಕಿಗಳೆಲ್ಲ ತಟ್ಟೆಯಿಲ್ಲದೆ ಕೂತಿದ್ದರಲ್ಲ, ಹೋಟೆಲಿನ ಧಣಿಗಳಿಗೆ ಸಿಟ್ಟು ಬಂತು. "ಜೇನೂ ಬೇಡ, ನಿನ್ನ ಮಂಗಾಟವೂ ಬೇಡ" ಅಂತ ಪೆಟ್ಟಿಗೆ ಕಿತ್ತುಕೊಂಡು, ಬೀಗ ಜಡಿದು, ದೂರು ಪೆಟ್ಟಿಗೆ ಅಂತ ಬರೆಸಿ ಹಿತ್ತಲ ಬೇವಿನ ಮರಕ್ಕೆ ಕಟ್ಟಿಸಿದರು. ನೊಣ ಹೋಗುವ ಸೀಳು ಹೇಗೂ ಇತ್ತು, ಚೀಟಿಗೆ ಅದೇ ಸಾಕಾಯಿತು. ಯಾರಿಗೂ ಸಲೀಸಾಗಿ ಕೈ ಎಟುಕಬಾರದು ಅಂತ ಬೇಕೆಂದೇ ಎತ್ತರಕ್ಕೆ ಕಟ್ಟಿಸಿದ್ದು.

ಅಪ್ಪಯ್ಯ ಬರುವ ದಿನ ಹತ್ತಿರ ಬಂತು. ಧಣಿಗಳ ಎದುರು ನಿಂತು ಪೆಟ್ಟಿಗೆ ಕೇಳುವ ಧೈರ್ಯ ನನಗಿಲ್ಲ. ಸ್ಟೂಲು ಹತ್ತಿ ನಾನೂ ಒಂದು ಚೀಟಿ ಹಾಕಿದೆ. ಇಪ್ಪತ್ತು ದಿನವಾದರೂ ಉತ್ತರವಿಲ್ಲ. ಧಣಿ ನಕ್ಕರೆ ಚೀಟಿ ಓದಿದ್ದಾರೆ ಅನ್ನಿಸುವುದು, ಗದರಿದರೂ ಓದಿದ್ದಾರೆ ಅನ್ನಿಸುವುದು. ಅವರೋ, "ನೋಡಿದಿಯಾ, ಈಗ ದೂರು ಹಾಕುವವರೇ ಇಲ್ಲ!" ಅಂತ ಹಿಗ್ಗುತ್ತಿದ್ದರು.

ಅಪ್ಪಯ್ಯ ಬಂದೇಬಿಟ್ಟರು. ಕಾಲು ತೊಳೆಯಲು ಹಿತ್ತಲಿಗೆ ಹೋದವರು ತಲೆಯೆತ್ತಿ, "ಓಹೋ, ಇಲ್ಲಿ ಇಟ್ಟಿದ್ದೀಯಾ?" ಅಂದರು. ನನಗೆ ತಲೆಬುಡ ತಿಳಿಯಲಿಲ್ಲ. ನೋಡುತ್ತೇನೆ, ಸೀಳಿನಲ್ಲಿ ನೊಣಗಳು ಸಾಲುಗಟ್ಟಿ ಹೋಗಿ ಬರುತ್ತಿವೆ! ನಾನು ಬೇವಿನ ಹೂವಿಗೆ ಬಂದವು ಅಂದುಕೊಂಡಿದ್ದೆ. ಧಣಿ ಒಮ್ಮೆಯೂ ಬೀಗ ತೆಗೆದಿರಲಿಲ್ಲ.

ಧಣಿ ಬೀಗದ ಕೈ ಎಸೆದು ಬಾಗಿಲ ಹಿಂದೆ ಸರಿದರು. ಅಪ್ಪಯ್ಯ ಸ್ಟೂಲು ಹತ್ತಿ ಬರಿಗೈಯಲ್ಲೇ ಮುಚ್ಚಳ ತೆಗೆದರು. "ನಾಲ್ಕು ಎರಿ ಜೇನು ಕಟ್ಟಿದ್ದಾವೆ, ಶಾಭಾಸ್ ಮಗಾ!" ಅಂದರು. ನನ್ನ ಕಣ್ಣು ತುಂಬಿ ಬಂತು. ಸುಳ್ಳು ನಿಜವಾಗಿತ್ತು, ಬದುಕಿದೆ ಅಂದುಕೊಂಡೆ.

ಆಮೇಲೆ ಅಪ್ಪಯ್ಯ ಎರಿಗೆ ಅಂಟಿದ್ದ ಒಂದು ಕಾಗದವನ್ನು ಬಿಡಿಸಿದರು. ತಮಿಳಿನಲ್ಲಿತ್ತು. ಧಣಿ ದೂರದಿಂದಲೇ ಓದಿದರು: ಕಾಫಿಗೆ ಸಕ್ಕರೆ ಸಾಲದು. ಎರಡನೆಯ ಚೀಟಿ ಕನ್ನಡದಲ್ಲಿತ್ತು. ಅಪ್ಪಯ್ಯ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು:

"ಧಣಿಗಳಿಗೆ ನಮಸ್ಕಾರ. ಪೆಟ್ಟಿಗೆ ದಯಮಾಡಿ ವಾಪಸ್ಸು ಕೊಡಿ. ಜೇನು ಹೊಕ್ಕಿದೆ ಅಂತ ಅಪ್ಪಯ್ಯನಿಗೆ ಸುಳ್ಳು ಬರೆದಿದ್ದೇನೆ. ಅವರು ಬರುತ್ತಾರೆ, ಮಾನ ಉಳಿಸಿ."

ಅಪ್ಪಯ್ಯ ನನ್ನನ್ನು ನೋಡಿದರು, ಚೀಟಿ ನೋಡಿದರು. ಅದರ ಮೂಲೆಯಿಂದ ಜೇನು ತೊಟ್ಟಿಕ್ಕುತ್ತಿತ್ತು. ಮೆಲ್ಲಗೆ ಅದನ್ನು ನೆಕ್ಕಿದರು.

"ಪರವಾಗಿಲ್ಲ ಮಗಾ, ನಿನ್ನ ಸುಳ್ಳಿಗೆ ರುಚಿ ಉಂಟು" ಅಂದರು.