ಬಾಟಲಿ ತುಂಬಿಸಿ ತಂದವರು

ಗೋಕಾಕದ ಲ್ಯಾಬೊಂದರಲ್ಲಿ ನನ್ನ ಕೆಲಸ; ಬರುವವರಿಗೆಲ್ಲ ನಾನು ‘ಬಾಯಾರ’, ಅಂದರೆ ಮೇಡಂ. ಮೂತ್ರದಲ್ಲಿ ರಕ್ತ ಕಂಡವರನ್ನು ಡಾಕ್ಟರು ನಮ್ಮಲ್ಲಿಗೆ ಕಳಿಸುತ್ತಾರೆ. ಅದರಲ್ಲಿ ಕ್ಯಾನ್ಸರಿನ ಜೀವಕೋಶ ಇದೆಯೇ ಎಂದು ನೋಡಬೇಕು. ಹೆಸರು ಕೇಳಿದರೇ ಎದೆ ನಡುಗುವ ಪರೀಕ್ಷೆ. ಆದರೆ ಕೈಗೆ ಖಾಲಿ ಬಾಟಲಿ ಕೊಟ್ಟ ಮೇಲೆ ನಮ್ಮ ಜನ ಅದನ್ನು ಹೇಗೆ ತರುತ್ತಾರೆ ಎಂಬುದು ಬ್ರಹ್ಮನಿಗೂ ತಿಳಿಯದು.

ಡೇರಿ ಕಾಕಾ

ಮಸಗುಪ್ಪಿಯ ಕಾಕಾ ಎಮ್ಮೆ ಕಟ್ಟಿ ಡೇರಿಗೆ ಹಾಲು ಹಾಕುವವರು. ತುಂಬಿದ ಬಾಟಲಿ ನನ್ನ ಕೈಗೆ ಕೊಡುವಾಗಲೇ ಆಣೆ ಮಾಡಿದರು: “ಒಂದ್ ಹನಿ ನೀರ ಬೆರೆಸಿಲ್ರಿ ಬಾಯಾರ.”

ನಾನು ಅದನ್ನು ಕೊಳವೆಗೆ ಸುರಿದು ಮಷಿನ್ನಿನಲ್ಲಿ ತಿರುಗಲು ಇಟ್ಟೆ. ಕಾಕಾ ಬಗ್ಗಿ ನೋಡಿದರು. “ಫ್ಯಾಟ್ ಎಷ್ಟ ಬಂತ್ರಿ?”

“ಇದರಾಗ ಫ್ಯಾಟ್ ನೋಡೂದಿಲ್ರಿ ಕಾಕಾ.”

“ಬರೊಬ್ಬರಿ ನೋಡ್ರಿ. ಡೇರಿಯಾಂವನೂ ಮೊದಲ ಹಿಂಗ ಅಂತಾನ, ಆಮ್ಯಾಲ ರೇಟ್ ಕಡಿಮಿ ಹಾಕ್ತಾನ!”

ಚಟ್ನಿ

ಘೋಡಗೇರಿಯ ಅವ್ವನಿಗೆ ಮೂರು ದಿನದ ಮೂತ್ರಕ್ಕೆಂದು ಮೂರು ಬಾಟಲಿ ಕೊಟ್ಟಿದ್ದೆ. ಎರಡು ಬಂದ ಮೇಲೆ ಡಾಕ್ಟರು ಇಷ್ಟೇ ಸಾಕೆಂದರು. ಉಳಿದದ್ದನ್ನು ಮರಳಿಸಿ ಎಂದೆ. ಅವ್ವ ತಂದು ಟೇಬಲ್ಲಿನ ಮೇಲಿಟ್ಟರು. ಒಳಗೆ ಶೇಂಗಾ ಚಟ್ನಿ, ಮುಚ್ಚಳದವರೆಗೂ ಒತ್ತಿ ತುಂಬಿದ್ದು!

“ಖಾಲಿ ಡಬ್ಬಿ ಮರಳಿ ಕೊಡಬಾರದಲ್ರಿ ಬಾಯಾರ,” ಎಂದರು.

ಬಳಸದ ಬಾಟಲಿ ಎಂಬುದು ಲ್ಯಾಬಿನವರಿಗೆಲ್ಲ ಗೊತ್ತು. ಆದರೂ ಮಧ್ಯಾಹ್ನ ಊಟಕ್ಕೆ ಕುಳಿತಾಗ ಅದನ್ನು ಒಬ್ಬರಿಂದೊಬ್ಬರಿಗೆ ದಾಟಿಸಿದ್ದೇ ಬಂತು, ಮುಚ್ಚಳ ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ.

ಹಿಡಕಲ್ಲಿನ ಅಜ್ಜ

ಕುರಿ ಕಾಯುವ ಈ ಅಜ್ಜನಿಗೆ ಮೂತ್ರ ಕೆಂಪಗೆ ಹೋಗುತ್ತಿತ್ತು. ಕ್ಯಾನ್ಸರ್ ಇರಬಹುದೆಂಬ ಹೆದರಿಕೆಯಲ್ಲಿ ಮನೆಯವರಿಗೆ ಊಟ ಸೇರುತ್ತಿರಲಿಲ್ಲ. ಮೊದಲ ದಿನ ಅಳಿಯ ತಂದದ್ದು ಬಾಟಲಿಯ ತಳವೂ ಮುಚ್ಚದಷ್ಟು. ಸಾಲದು ಎಂದು ಇನ್ನೊಂದು ಕೊಟ್ಟು ಕಳಿಸಿದೆ. ಮರುದಿನ ತಂದದ್ದು ತುಂಬಿ ತುಳುಕುತ್ತಿತ್ತು.

“ಇಷ್ಟೂ ಅಜ್ಜಾರದೇನ್ರಿ?”

“ಅವರದು ಎರಡು ಚಮಚಾ ಬಂತ್ರಿ. ಮೊದಲ ನಾ ಕೂಡಿಸಿದ್ನಿ, ಆಮ್ಯಾಲ ಮನಿ ಮಂದಿ ಎಲ್ಲಾ. ಹಿರ್ಯಾರ ಕೆಲಸ ಐತಿ, ಕೈ ಬಿಡಾಕ ಬರತೈತೇನ್ರಿ?”

ನಗು ಬಂತು. ಅದನ್ನು ಚೆಲ್ಲಿ, ಅಜ್ಜನನ್ನೇ ಕರೆಸಿ, ನೀರು ಕುಡಿಸಿ ಕೂರಿಸಿ ತೆಗೆದುಕೊಂಡೆ.

ವರದಿಯ ದಿನ ಮನೆಮಂದಿಯೆಲ್ಲ ಬಾಗಿಲಲ್ಲಿ ನಿಂತಿದ್ದರು. ಕ್ಯಾನ್ಸರಿನ ಜೀವಕೋಶ ಸಿಗಲಿಲ್ಲ. ಅದಕ್ಕೂ ಮೊದಲು ಡಾಕ್ಟರು ಮೂತ್ರಕೋಶಕ್ಕೆ ಕ್ಯಾಮೆರಾ ಹಾಕಿ ನೋಡಿದ್ದಾಗಲೂ ಕಂಡದ್ದು ಒಂದು ಕಲ್ಲು, ಅಷ್ಟೇ. ಖುಷಿಗೆ ನನ್ನ ಕಣ್ಣೇ ತುಂಬಿತು.

ಅಜ್ಜ ಕೇಳಿದರು, “ಹಂಗಾದ್ರ ನಂದರಾಗ ಏನೂ ಇಲ್ಲ? ಆ ಎಲ್ಲಾರೂ ಕೂಡಿಸಿದ ಬಾಟಲಿ ನೋಡಿದ್ರೇನ್ರಿ?”

“ಅದನ್ನ ಚೆಲ್ಲಿದ್ನಿರಿ ಅಜ್ಜಾ.”

ಅಜ್ಜ ಅಳಿಯನತ್ತ ತಿರುಗಿದರು. “ಉಳಕೊಂಡಿ ನೋಡಪಾ. ಅದರಾಗ ಏನರ ಸಿಕ್ಕಿದ್ರ, ಅದು ನಂದಂತೂ ಅಲ್ಲ!”

ಎಲ್ಲರೂ ಗೊಳ್ಳೆಂದು ನಗುತ್ತ ಹೊರಗೆ ಹೋದರು. ಅಳಿಯ ಮಾತ್ರ ಹಿಂದೆ ಉಳಿದು ದನಿ ತಗ್ಗಿಸಿದ: “ಬಾಯಾರ, ನನಗೂ ಒಂದ್ ಬಾಟಲಿ ಕೊಡ್ರಿ.”