ಕೊನೆಯ ‘ಇಲ್ಲ’ ಮುಟ್ಟುವ ತನಕ ದಮ್ಮು

ಬಾಯಿಂದಲೇ ಬದುಕುವವನಿಗೆ ಫಜೀತಿಗಳೂ ಬಾಯಿಂದಲೇ ಬರುತ್ತವೆ. ನನಗಂತೂ ವಾರಕ್ಕೊಂದು ತಪ್ಪಿದ್ದಲ್ಲ. ತೊಂಬತ್ತರ ದಶಕದ ಕೊನೆಯಿಂದ ಹತ್ತು ವರ್ಷ ನಾನು ಆಟೋದಲ್ಲಿ ಮೈಕು ಹಿಡಿದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಸುತ್ತಿದವನು. ಪೋಲಿಯೊ ಹನಿ, ಸೀರೆ ಸೇಲು, ಕಳೆದುಹೋದ ಎಮ್ಮೆ, ಯಾವುದಿದ್ದರೂ ಊರಿಗೆ ಸಾರುವುದು ನನ್ನ ಕೆಲಸ. ಗಂಟಲು ಗಟ್ಟಿ ಇತ್ತು. ಅದರ ಕೆಳಗಿನ ಎದೆ ಮಾತ್ರ ಆಗಾಗ ಕೈಕೊಡುತ್ತಿತ್ತು. ನೆಲಕ್ಕೆ ಹಾಸುವ ಫರಸಿ ಕಲ್ಲಿನ ಧೂಳೆದ್ದ ರಸ್ತೆಗೆ ಆಟೋ ಇಳಿದರೆ ಸಾಕು, ಎದೆಯೊಳಗೆ ಸೀಟಿ ಶುರು. ನಮ್ಮ ಕಡೆ ಈ ಉಬ್ಬಸ ರೋಗಕ್ಕೂ ದಮ್ಮು ಅನ್ನುತ್ತಾರೆ, ಉಸಿರಿಗೂ ದಮ್ಮು, ಬೀಡಿ ಎಳೆದರೆ ಅದೂ ದಮ್ಮು.

೧. ನುಂಗಿಹೋದ ಎರಡಕ್ಷರ

ಕನ್ನಡದಲ್ಲಿ ಒಂದು ತೊಂದರೆ ಇದೆ. ‘ಇಲ್ಲ’ ಅನ್ನುವುದು ಮಾತಿನ ತೀರಾ ಕೊನೆಗೆ ಬರುತ್ತದೆ. ಅಲ್ಲಿಯ ತನಕ ಉಸಿರು ಉಳಿದಿರಬೇಕು. ಅದರಲ್ಲೂ ಸಾರುವವರು ಎಲ್ಲವನ್ನೂ ಬಿಡಿಸಿ, ಎಳೆದು ಹೇಳುವುದು ರೂಢಿ. ಚಿತ್ತಾಪುರದ ಒಂದು ಓಣಿಯಲ್ಲಿ, “ನಾಳೆ ನಳಕ್ಕೆ ನೀರು ಬರುವುದೂ...” ಅಂದೆ. ಅಲ್ಲಿಗೆ ಕೆಮ್ಮು ಬಂತು. ‘ಇಲ್ಲ’ ನನ್ನೊಳಗೇ ಉಳಿಯಿತು, ಆಟೋ ಮುಂದೆ ಹೋಯಿತು.

ಮರುದಿನ ಓಣಿಗೆ ಓಣಿಯೇ ಕೊಡ ಹಿಡಿದು ನಳದ ಮುಂದೆ ಮಧ್ಯಾಹ್ನದ ತನಕ ನಿಂತಿತ್ತು. ನನಗೆ ಸಾರುವ ಕೆಲಸ ಕೊಡುತ್ತಿದ್ದ ಪುರಸಭೆಯ ಗುಮಾಸ್ತರು ಕರೆಸಿದರು.

“ಇನ್ನೊಂದ್ ಸಲ ಹಿಂಗಾದ್ರ ಕ್ಯಾಸೆಟ್ ಹಾಕಸ್ತೀನಿ ನೋಡು. ಕ್ಯಾಸೆಟ್ಟಿಗಿ ಕೆಮ್ಮು ಬರಂಗಿಲ್ಲ.”

ನನಗೆ ಖರೇನೇ ಹೆದರಿಕೆ ಆಯಿತು. ಬೇರೆ ಕೆಲಸ ನನಗೆ ಬರುತ್ತಿರಲಿಲ್ಲ. ತಲೆ ತಗ್ಗಿಸಿಯೇ ಅಂದೆ: “ಕ್ಯಾಸೆಟ್ಟಿಗಿ ಹೆಂಡ್ತಿ ಮಕ್ಕಳೂ ಇರಂಗಿಲ್ರಿ ಸಾಹೇಬ್ರ.”

೨. ಹತ್ತರ ತನಕ

ಶಹಾಬಾದದ ಡಾಕ್ಟರು ಬಾಯಿಂದ ಔಷಧಿ ಎಳೆದುಕೊಳ್ಳುವ ಎರಡು ಪಂಪು ಕೊಟ್ಟರು. ನೀಲಿಯದು ದಮ್ಮು ಹತ್ತಿದಾಗ ಮಾತ್ರ. ಕಂದು ಬಣ್ಣದ್ದು ದಿನಾ ಬೆಳಿಗ್ಗೆ, ಸಂಜೆ.

“ಚಂದಂಗ ಅಲ್ಲಾಡ್ಸು. ಉಸಿರು ಪೂರಾ ಹೊರಗ ಬಿಡು. ತುಟಿ ಬಿಗಿ ಹಿಡದು, ನಿಧಾನಕ್ಕ ಎಳೀಲಿಕತ್ತಾಗ ಒತ್ತು. ಆಮ್ಯಾಲ ದಮ್ಮು ಹಿಡದು ಹತ್ತರ ತನಕ ಎಣಸು.”

“ದಮ್ಮು ಎಳೀಬ್ಯಾಡ ಅಂತ ಬೀಡಿ ಬಿಡ್ಸಿದವ್ರು ನೀವೇ, ಈಗ ಎಳಿ ಅನ್ನವ್ರೂ ನೀವೇ ಏನ್ರಿ?”

ಡಾಕ್ಟರು ಹಣೆ ಬಡಿದುಕೊಂಡು ಪಂಪು ಕೈಗಿತ್ತರು. ಕೈಗೆ ತನ್ನದೇ ರೂಢಿ ನೋಡಿ, ಬಾಯಿಂದ ನಾಲ್ಕು ಬೆರಳು ದೂರ ನಿಂತಿತು. ನನಗೇ ಗೊತ್ತಾಗದ ಹಾಗೆ “ಹಲೋ, ಹಲೋ” ಅಂದೆ. ಎರಡನೇ ಸಲ ಸರಿಯಾಗಿ ತುಟಿಗಿಟ್ಟು ಎಳೆದೆ. ಡಾಕ್ಟರ ಮುಖ ಅರಳಿತು. ಆಮೇಲೆ ಗಟ್ಟಿ ದನಿಯಲ್ಲಿ “ಒಂದೂ... ಎರಡೂ...” ಎಂದು ಎಣಿಸತೊಡಗಿದೆ. ಎಳೆದ ಔಷಧಿಯೆಲ್ಲ ಹೊರಗೆ ಬಂತು.

“ಮನಸ್ಸಿನ್ಯಾಗ ಎಣಸಪ್ಪಾ,” ಅಂದರು ಡಾಕ್ಟರು, “ಊರಿಗೆಲ್ಲಾ ಸಾರಬ್ಯಾಡ!”

೩. ಏನೂ ಆಗದ ಔಷಧಿ

ನೀಲಿ ಪಂಪು ಹೊಡೆದರೆ ಸ್ವಲ್ಪ ಹೊತ್ತಿನಲ್ಲೇ ಎದೆ ಹಗುರ. ಕಂದು ಪಂಪಿನಿಂದ ಏನೂ ತಿಳಿಯುತ್ತಿರಲಿಲ್ಲ. ಮೇಲಾಗಿ ಅದು ಸ್ಟಿರಾಯ್ಡು ಅಂತ ಯಾರೋ ಹೆದರಿಸಿದ್ದರು. ಕುರಕುಂಟಾದಿಂದ ಬಂದಿದ್ದ ನಮ್ಮ ಅತ್ತೆಯವರು, “ಚಟ ಆಗ್ತದ, ಬಿಟ್ಟಬಿಡ್ರಿ” ಅಂದರು, ಅಂಗೈಯಲ್ಲಿ ತಂಬಾಕು ತಿಕ್ಕುತ್ತ. ನನಗೆ ತಡೆಯಲಿಲ್ಲ, ಮತ್ತೆ ಶಹಾಬಾದಕ್ಕೆ ಹೋಗಿ ಕೇಳಿದೆ.

“ಇದ ಎಳಕೊಂಡ್ರ ಏನೂ ಆಗವಲ್ದುರಿ.”

“ಏನೂ ಆಗದಂಗ ನೋಡ್ಕೊಳ್ಳೋದೇ ಅದರ ಕೆಲ್ಸ. ಸಣ್ಣ ಡೋಸು, ನೇರ ಎದಿಗಿ ಹೋಗ್ತದ, ಚಟ ಆಗಂಗಿಲ್ಲ. ಆರಾಮ ಅದೀನಿ ಅಂತ ನಿನ್ನಷ್ಟಕ್ಕ ನೀನೇ ಬಿಟ್ಟಿ ಅಂದ್ರ ಮತ್ತ ಸೀಟಿ.”

ಇದು ನನಗೆ ಭಾಳ ಸೋಜಿಗ ಅನ್ನಿಸಿತು. ಮಾಡುವಾಗ ಯಾರಿಗೂ ಕಾಣದ, ಬಿಟ್ಟಾಗ ಮಾತ್ರ ಗೊತ್ತಾಗುವ ಕೆಲಸ ಲೋಕದಲ್ಲಿ ಬೇರೆ ಯಾವುದಾದರೂ ಇದೆಯೇ ಅಂತ ಎರಡು ದಿನ ಯೋಚಿಸಿ, ಕೊನೆಗೆ ಹೆಂಡತಿಯನ್ನೇ ಕೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

“ನಾಳಿಂದ ನಾ ಬಿಟ್ಟು ತೋರಸ್ಲೇನು?”

೪. ಅಪ್ಪನ ದನಿ

ಎರಡು ತಿಂಗಳಲ್ಲಿ ಸೀಟಿ ನಿಂತಿತು. ಆದರೆ ದನಿ ಒಡೆಯಿತು. ಎದೆ ಸಿಕ್ಕಿತು, ಗಂಟಲು ಹೋಯಿತು ಅಂತ ಒಳಗೊಳಗೇ ಕುಸಿದೆ. ಸೇಡಂನಲ್ಲಿ ಸೀರೆ ಸೇಲು ಸಾರುತ್ತಿದ್ದಾಗ ಒಬ್ಬ ಅಜ್ಜಿ ಆಟೋ ತರುಬಿದಳು.

“ದಿನಾ ಬರೋ ಹುಡುಗ ಎಲ್ಲಿ? ಮುದುಕ ಅಪ್ಪನ್ನ ಕಳಿಸ್ಯಾನಲ್ಲ, ನಾಚಿಕಿಲ್ಲ ಅವನಿಗಿ?”

ಡಾಕ್ಟರು ಟಾರ್ಚು ಹಾಕಿ ಬಾಯಿ ನೋಡಿದರು. ಒಳಗೆ ಬಿಳಿ ಬಿಳಿ ಮಚ್ಚೆ.

“ಎಳಕೊಂಡ ಮ್ಯಾಲ ಬಾಯಿ ಮುಕ್ಕಳಿಸಿ ಉಗುಳು ಅಂದಿದ್ನಲ್ಲ?”

“ಉಗುಳಿದ್ರ ಔಷಧಿ ಹೋಗ್ತದಲ್ರಿ! ಅದಕ್ಕ ಮುಕ್ಕಳಸೂದೇ ಬಿಟ್ಟಿದ್ದೆ.”

“ಎದಿಗಿ ಹೋಗೂದು ಹೋಗ್ಯಾದ. ಬಾಯಾಗ ಉಳದದ್ದು ಅಲ್ಲೇ ಕುಂತು ಹಿಂಗ ಮಾಡ್ತದ. ಗಂಟಲದಾಗ ಗಳಗಳ ಅನ್ಸಿ ಉಗುಳು, ನುಂಗಬ್ಯಾಡ.”

ಬಾಯಿಗೆ ಬೇರೆ ಔಷಧಿ ಕೊಟ್ಟರು. ಕೆಲವು ವಾರಗಳಲ್ಲಿ ದನಿ ಮರಳಿತು. ಸೇಡಂಗೆ ಹೋದೆ. ಅದೇ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು: “ಅಪ್ಪ ಹ್ಯಾಂಗದಾನೋ?”

೫. ಗಳಗಳ

ಮತ್ತೆ ಚಿತ್ತಾಪುರ. ಅದೇ ಓಣಿ, ಅದೇ ಮಾತು. ಈ ಸಲ ಗುಮಾಸ್ತರೇ ಆಟೋದಲ್ಲಿ ಪಕ್ಕಕ್ಕೆ ಕುಳಿತರು, ತೊಡೆಯ ಮೇಲೆ ಟೇಪ್ ರೆಕಾರ್ಡರು ಇಟ್ಟುಕೊಂಡು. ಒಳಗೆ ಕ್ಯಾಸೆಟ್ಟೂ ಇತ್ತು. ಇವತ್ತು ‘ಇಲ್ಲ’ ಮುಟ್ಟದಿದ್ದರೆ ನನ್ನ ಕಥೆ ಮುಗಿದಂತೆ.

ಗಡಿಬಿಡಿಯಲ್ಲಿ ಬೆಳಗಿನ ಪಂಪು ಮನೆಯಲ್ಲಿ ಎಳೆದಿರಲಿಲ್ಲ. ಓಣಿಯ ಬಾಯಿಯಲ್ಲಿ ಆಟೋ ನಿಲ್ಲಿಸಿ, ಮೈಕು ಸೀಟಿನ ಮೇಲಿಟ್ಟು, ಕಂದು ಪಂಪು ತೆಗೆದೆ. ಎಳೆದೆ, ಮನಸ್ಸಿನಲ್ಲೇ ಎಣಿಸಿದೆ. ಬಾಟಲಿ ಎತ್ತಿ ಬಾಯಿ ತುಂಬ ನೀರು ಹಾಕಿ ಮುಕ್ಕಳಿಸಿದೆ, ಉಗುಳಿದೆ. ಮತ್ತೊಮ್ಮೆ, ಇನ್ನೊಮ್ಮೆ. ಮೈಕಿನ ಗುಂಡಿ ಚಾಲೂ ಇದ್ದದ್ದು ಆಟೋ ಇಂಜಿನ್ನಿನ ಗದ್ದಲದಲ್ಲಿ ನನಗೂ ಗೊತ್ತಾಗಲಿಲ್ಲ, ಗುಮಾಸ್ತರಿಗೂ ಗೊತ್ತಾಗಲಿಲ್ಲ. ಮೇಲಿನ ಹಾರ್ನು ಮಾತ್ರ ಓಣಿಗೆಲ್ಲ “ಗಳಗಳಗಳ... ಥೂ!” ಎಂದು ಮೂರು ಸಲ ಸಾರಿತು. ಬಾಗಿಲುಗಳು ತೆರೆದವು.

ಜನ ಹೊರಗೆ ಬಂದದ್ದು ನನ್ನ ದನಿ ಕೇಳಲಿಕ್ಕೇ ಅಂದುಕೊಂಡು ಮೈಕು ಎತ್ತಿದೆ.

“ನಾಳೆ ನಳಕ್ಕೆ ನೀರು ಬರುವುದೂ...”

ಎದೆ ಸುಮ್ಮನಿತ್ತು. ಸೀಟಿ ಇಲ್ಲ, ಕೆಮ್ಮು ಇಲ್ಲ.

“...ಇಲ್ಲಾಆಆಆ!”

ಆ ‘ಇಲ್ಲ’ವನ್ನು ನಾನು ಓಣಿಯ ಆ ತುದಿಯ ತನಕ ಎಳೆದೆ. ಗುಮಾಸ್ತರು ಕ್ಯಾಸೆಟ್ಟು ತೆಗೆದು ಕಿಸೆಗೆ ಹಾಕಿಕೊಂಡರು. ನನ್ನ ಕಣ್ಣು ತುಂಬಿ ಬಂತು.

ಆಗ ಟೊಂಕದ ಮೇಲೆ ಖಾಲಿ ಕೊಡ ಇಟ್ಟುಕೊಂಡು ಒಬ್ಬ ಹೆಣ್ಣುಮಗಳು ಆಟೋದ ಮುಂದೆ ಬಂದು ನಿಂತಳು.

“ಹ್ಯಾಂಗ ಬರ್ತದೋ? ಇದ್ದ ನೀರೆಲ್ಲಾ ನೀನೊಬ್ಬನೇ ಗಳಗಳ ಮಾಡಿ ಉಗುಳಿದಿ!”